ಗ್ಲಿಯಾ ಕೋಶಗಳಲ್ಲಿ ನೈಟ್ರಿಕ್ ಆಕ್ಸೈಡ್: ಕಿಣ್ವದ ಇರವು ಮತ್ತು ಅನಿಲದ ಉತ್ಪತ್ತಿ

ಕಿರುಮೆದುಳಿನ ಕೋಶಗಳ ಗ್ಲುಟಮೇಟ್ ಗ್ರಾಹಕಗಳನ್ನು ಪ್ರಚೋದಿಸಿದರೆ, ರಕ್ತನಾಳವನ್ನು ಸಡಿಲಿಸುವ ಅಲ್ಪಾಯುಷಿ ವಸ್ತುವೊಂದು ಹೊರಬರುತ್ತದೆಂದು ಜಾನ್ ಗಾರ್ಥ್‌ವೇಟ್ ಮತ್ತು ಸಂಗಡಿಗರು 1988ರಲ್ಲಿ ತೋರಿಸಿದರು. ಆ ವಸ್ತುವೇ ನೈಟ್ರಿಕ್ ಆಕ್ಸೈಡ್ ಅನಿಲ. ಅದನ್ನು ತಯಾರಿಸುವ ಕಿಣ್ವವನ್ನು 1990ರಲ್ಲಿ ಬ್ರೆಡ್ಟ್ ಮತ್ತು ಸ್ನೈಡರ್ ಇಲಿಯ ಮೆದುಳಿನಿಂದ ಶುದ್ಧೀಕರಿಸಿದರು. ಅಲ್ಲಿಂದ ಮುಂದೆ ಗಮನವೆಲ್ಲ ನರಕೋಶದ ಕಡೆಗೇ ಹರಿಯಿತು. ನರಕೋಶಗಳ ನೆರೆಯ ಪೋಷಕ ಕೋಶಗಳಾದ ಗ್ಲಿಯಾದ ನೈಟ್ರಿಕ್ ಆಕ್ಸೈಡ್ ಮಾತ್ರ ಬಹುಪಾಲು ಉರಿಯೂತದ ಕುರುಹಾಗಿಯಷ್ಟೇ ಉಳಿಯಿತು. ಈ ನೋಟ ಸಾಲದು.

ಈ ಕಿಣ್ವ, ಅಂದರೆ ನೈಟ್ರಿಕ್ ಆಕ್ಸೈಡ್ ಸಿಂಥೇಸ್, ಆರ್ಜಿನೀನ್ ಎಂಬ ಅಮೈನೋ ಆಮ್ಲವನ್ನು ಎರಡು ಹಂತಗಳಲ್ಲಿ ಉತ್ಕರ್ಷಿಸಿ, ಸಿಟ್ರುಲೀನನ್ನೂ ನೈಟ್ರಿಕ್ ಆಕ್ಸೈಡನ್ನೂ ಕೊಡುತ್ತದೆ. ಇದಕ್ಕೆ ಆಮ್ಲಜನಕ, ಎನ್‌ಎಡಿಪಿಎಚ್, ಹೀಮ್, ಟೆಟ್ರಾಹೈಡ್ರೋಬಯಾಪ್ಟೆರಿನ್ ಎಲ್ಲವೂ ಬೇಕು. ನರಕೋಶದ ರೂಪವು ಕ್ಯಾಲ್ಸಿಯಂ ಏರಿದಾಗ ಎಚ್ಚೆತ್ತು, ಇಳಿದಾಗ ಸುಮ್ಮನಾಗುತ್ತದೆ. ಗ್ಲಿಯಾ ಕೋಶಗಳಾದ ಮೈಕ್ರೋಗ್ಲಿಯಾ ಮತ್ತು ಆಸ್ಟ್ರೋಸೈಟ್‌ಗಳಲ್ಲಿ ಸೋಂಕಿನ ಸುಳಿವು ಸಿಕ್ಕಾಗ ಹೊಸದಾಗಿ ತಯಾರಾಗುವ ಪ್ರೇರಿತ ರೂಪದ ರೀತಿಯೇ ಬೇರೆ. ಅದು ಕ್ಯಾಲ್ಸಿಯಂ ಹಿಡಿಯುವ ಪ್ರೋಟೀನಾದ ಕ್ಯಾಲ್ಮಾಡ್ಯುಲಿನನ್ನು ಎಷ್ಟು ಬಿಗಿಯಾಗಿ ಹಿಡಿದಿರುತ್ತದೆಂದರೆ, ಕ್ಯಾಲ್ಸಿಯಂ ತಗ್ಗಿದರೂ ಕೆಲಸ ನಿಲ್ಲುವುದಿಲ್ಲ.

ಹಾಗಾದರೆ ಅದನ್ನು ನಿಯಂತ್ರಿಸುವುದು ಯಾವುದು? ನನ್ನ ಪ್ರಕಾರ ಉತ್ತರ ಇರುವುದು ನೆರೆಯ ಕಿಣ್ವಗಳಲ್ಲಿ. ಆರ್ಜಿನೇಸ್ ಅದೇ ಆರ್ಜಿನೀನನ್ನು ಯೂರಿಯಾ ಮತ್ತು ಆರ್ನಿಥೀನ್‌ಗಳಾಗಿ ಒಡೆದು ಕಚ್ಚಾ ಸಾಮಗ್ರಿಯನ್ನೇ ಕಸಿಯುತ್ತದೆ. ಆರ್ಜಿನಿನೋಸಕ್ಸಿನೇಟ್ ಸಿಂಥೇಸ್ ಮತ್ತು ಲೈಯೇಸ್ ಎಂಬ ಜೋಡಿ ಸಿಟ್ರುಲೀನನ್ನು ಮತ್ತೆ ಆರ್ಜಿನೀನ್ ಮಾಡಿ ಹಿಂದಿರುಗಿಸುತ್ತದೆ. ಟೆಟ್ರಾಹೈಡ್ರೋಬಯಾಪ್ಟೆರಿನ್‌ನ ತಯಾರಿಕೆಯ ವೇಗವನ್ನು ಜಿಟಿಪಿ ಸೈಕ್ಲೋಹೈಡ್ರೊಲೇಸ್ ನಿರ್ಧರಿಸುತ್ತದೆ. ಆ ಸಹಘಟಕದ ಕೊರತೆಯಾದರೆ ಸಿಂಥೇಸ್ ದಾರಿ ತಪ್ಪಿ ಸೂಪರ್‌ಆಕ್ಸೈಡ್ ಉಗುಳುತ್ತದೆ. ಸೂಪರ್‌ಆಕ್ಸೈಡ್ ಮತ್ತು ನೈಟ್ರಿಕ್ ಆಕ್ಸೈಡ್ ಸೇರಿದರೆ ಹುಟ್ಟುವುದು ಪೆರಾಕ್ಸಿನೈಟ್ರೈಟ್. ಪ್ರೋಟೀನ್‌ಗಳ ಟೈರೋಸಿನ್‌ಗೆ ಅಂಟಿಕೊಳ್ಳುವ ನೈಟ್ರೋ ಗುಂಪು ಅದರ ಹೆಜ್ಜೆಗುರುತು.

ಅನಿಲದ ಇನ್ನೊಂದು ಗುರಿ ಮೈಟೊಕಾಂಡ್ರಿಯಾ. ಅಲ್ಲಿ ಸೈಟೊಕ್ರೋಮ್ ಆಕ್ಸಿಡೇಸ್‌ನಲ್ಲಿ ಅದು ಆಮ್ಲಜನಕದ ಜಾಗಕ್ಕೇ ಪೈಪೋಟಿ ನಡೆಸಿ ಉಸಿರಾಟವನ್ನು ತಡೆಯುತ್ತದೆ. ಆಸ್ಟ್ರೋಸೈಟ್ ಕೂಡಲೇ ಗ್ಲೈಕೊಲಿಸಿಸ್ ಹೆಚ್ಚಿಸಿಕೊಂಡು ಬದುಕುಳಿಯುತ್ತದೆ. ಪಕ್ಕದ ನರಕೋಶಕ್ಕೆ ಆ ಶಕ್ತಿ ಇಲ್ಲ, ಅದು ಸಾಯುತ್ತದೆ. ಅನಿಲ ತಯಾರಿಸಿದವನು ಉಳಿದು ನೆರೆಯವನು ಅಳಿಯುವ ಈ ಅಸಮತೆಯೇ ಗ್ಲಿಯಾದ ಕತೆಯನ್ನು ಗಂಭೀರವಾಗಿಸುತ್ತದೆ.

ಇಲ್ಲೊಂದು ಎಚ್ಚರಿಕೆ ಅಗತ್ಯ. ಇಲಿಯ ಮೈಕ್ರೋಗ್ಲಿಯಾಗೆ ಬ್ಯಾಕ್ಟೀರಿಯಾದ ಲಿಪೊಪಾಲಿಸ್ಯಾಕರೈಡ್ ಕೊಟ್ಟರೆ, ಅನಿಲದ ಶೇಷವಾದ ನೈಟ್ರೈಟ್ ಧಾರಾಳವಾಗಿ ಸಿಗುತ್ತದೆ. ಮನುಷ್ಯರ ಮೈಕ್ರೋಗ್ಲಿಯಾ ಅದೇ ಪ್ರಚೋದನೆಗೆ ತೀರಾ ಕಡಿಮೆ ಸ್ಪಂದಿಸುತ್ತದೆ. ಮಾನವ ಆಸ್ಟ್ರೋಸೈಟ್‌ಗಳಲ್ಲಿ ಕಿಣ್ವವನ್ನು ಎಬ್ಬಿಸಲು ಇಂಟರ್‌ಲ್ಯೂಕಿನ್-1 ಬೀಟಾದಂಥ ಸೈಟೊಕೈನ್ ಬೇಕು. ಇಲಿಯಲ್ಲಿ ಕಂಡದ್ದನ್ನು ಆಲ್ಝೈಮರ್ ರೋಗಿಯ ಮೆದುಳಿಗೆ ನೇರವಾಗಿ ಹೊಂದಿಸುವುದು ತಪ್ಪು.

ಆದ್ದರಿಂದ ಈ ಕ್ಷೇತ್ರದ ಸಂಶೋಧಕರಲ್ಲಿ ನನ್ನ ಕೋರಿಕೆ ಇಷ್ಟು: ಪ್ರೇರಿತ ಸಿಂಥೇಸ್‌ನ ಪ್ರೋಟೀನ್ ಇರವನ್ನಷ್ಟೇ ತೋರಿಸಿ ತೀರ್ಮಾನಕ್ಕೆ ಬರಬೇಡಿ, ಅದೇ ಮಾದರಿಯಲ್ಲಿ ನೈಟ್ರೈಟ್, ಆರ್ಜಿನೀನ್ ಮತ್ತು ಆರ್ಜಿನೇಸ್ ಚಟುವಟಿಕೆಯನ್ನೂ ಅಳೆದು ವರದಿ ಮಾಡಿ.