ತಗ್ಗಿಸಿದ ಕಾರಿನಲ್ಲಿ ಚಕ್ರಕ್ಕೆ ಉಳಿಯುವ ಜಾಗ

ಕಾರು ತಗ್ಗಿಸಿದರೆ ಹಿಡಿತ ಬರುತ್ತದೆ, ಬೆನ್ನು ಹೋಗುತ್ತದೆ, ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ ಎಂಬ ಮಾತನ್ನು ಈಗ ಗ್ಯಾರೇಜಿನವರೂ ಹೇಳುತ್ತಾರೆ, ಕಾರು ತಂದವರೂ ಒಪ್ಪಿಕೊಂಡುಬಿಡುತ್ತಾರೆ. ಸ್ಪ್ರಿಂಗ್ ಗಟ್ಟಿಯಾದಷ್ಟೂ ಕಾರು ಚೆನ್ನಾಗಿ ತಿರುಗುತ್ತದೆ ಎಂಬುದು ಈ ನಂಬಿಕೆಯ ಇನ್ನೊಂದು ಮುಖ. ಸಸ್ಪೆನ್ಷನ್ ಕ್ಷೇತ್ರದಲ್ಲಿ ನಡೆದ ಗಟ್ಟಿ ಕೆಲಸವೆಲ್ಲ ಇದಕ್ಕೆ ವಿರುದ್ಧ ದಿಕ್ಕಿನಲ್ಲೇ ಸಾಗಿದೆ.

ಆ ಕೆಲಸದ ಮೊದಲ ಘಟ್ಟವನ್ನು ಬೇಗ ಹೇಳಿ ಮುಗಿಸಬಹುದು. ಮನುಷ್ಯ ನಡೆಯುವಾಗ ದೇಹ ಏರಿಳಿಯುವ ಲಯಕ್ಕೆ ಹತ್ತಿರವಾಗಿ ಕಾರು ತೂಗಿದರೆ ಪ್ರಯಾಣ ಹಿತವಾಗಿರುತ್ತದೆ ಎಂಬುದು ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ ಅವರ ಕಾಲದಿಂದಲೂ ಗೊತ್ತಿದ್ದ ಸಂಗತಿ. ಅದನ್ನು ಅಳತೆಗೆ ಒಳಪಡಿಸಿದವರು ಮಾರಿಸ್ ಆಲೀ. ರೋಲ್ಸ್ ರಾಯ್ಸ್ ಬಿಟ್ಟು 1930ರಲ್ಲಿ ಅಮೆರಿಕದ ಕ್ಯಾಡಿಲಾಕ್ ಸೇರಿದ ಅವರು, ಭಾರಗಳನ್ನು ಹಿಂದೆ ಮುಂದೆ ಸರಿಸಬಹುದಾದ ಪರೀಕ್ಷಾ ಕಾರೊಂದನ್ನು ಕಟ್ಟಿ, ಮುಂದಿನ ಸ್ಪ್ರಿಂಗ್ ಹಿಂದಿನದಕ್ಕಿಂತ ಮೆತ್ತಗಿರಬೇಕು ಎಂದು ತೋರಿಸಿದರು. ಉಬ್ಬಿಗೆ ಮೊದಲು ಸಿಗುವುದು ಮುಂದಿನ ಚಕ್ರ. ತಡವಾಗಿ ಸಿಗುವ ಹಿಂಬದಿ ಸ್ವಲ್ಪ ಬೇಗ ತೂಗಿದರೆ ಎರಡೂ ಒಂದೇ ಲಯಕ್ಕೆ ಬಂದು ಕಾರು ತಲೆಯಾಡಿಸುವುದನ್ನು ನಿಲ್ಲಿಸುತ್ತದೆ. ಇವತ್ತು ಮಾರಾಟವಾಗುವ ಎಷ್ಟೋ ಲೋವರಿಂಗ್ ಸ್ಪ್ರಿಂಗ್ ಸೆಟ್‌ಗಳಲ್ಲಿ ಮುಂದಿನವೇ ಹೆಚ್ಚು ಗಟ್ಟಿ.

ಎರಡನೇ ಮಹಾಯುದ್ಧದ ನಂತರ ಫೋರ್ಡ್ ಕಾರುಗಳಲ್ಲಿ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಎರಡನ್ನೂ ಒಂದೇ ಕಂಬದಲ್ಲಿ ಸೇರಿಸಿದ ಮ್ಯಾಕ್‌ಫರ್ಸನ್ ಸ್ಟ್ರಟ್ ಬಂತು. ಅಗ್ಗ, ಹಗುರ, ಕಡಿಮೆ ಜಾಗ ಸಾಕು. ಹಾಗಾಗಿ ಸಣ್ಣ ಕಾರುಗಳೆಲ್ಲ ಅದನ್ನೇ ಹಿಡಿದವು. 1955ರ ಸಿಟ್ರೊಯೆನ್ ಡಿಎಸ್ ಎಣ್ಣೆ ಮತ್ತು ಅನಿಲದ ಬಲದಿಂದ ಭಾರ ಎಷ್ಟಿದ್ದರೂ ತನ್ನ ಎತ್ತರವನ್ನು ಕಾಯ್ದುಕೊಳ್ಳುತ್ತಿತ್ತು. ಆದರೆ ಆ ವಿದ್ಯೆ ಹೆಚ್ಚಾಗಿ ಅದೇ ಮನೆಯಲ್ಲಿ ಉಳಿಯಿತು. ಸ್ಪ್ರಿಂಗ್ ತಯಾರಿಸುವ ಜರ್ಮನಿಯ ಐಬಾಕ್ ಶುರುವಾದದ್ದು 1951ರಲ್ಲಿ. ಬಿಲ್‌ಸ್ಟೈನ್‌ನ ಅನಿಲ ತುಂಬಿದ ಒಂಟಿ ಕೊಳವೆಯ ಶಾಕ್ ಅಬ್ಸಾರ್ಬರ್ (ಡ್ಯಾಂಪರ್) ಬಂದದ್ದೂ ಅದೇ ದಶಕದಲ್ಲಿ. 1976ರ ಗಾಲ್ಫ್ ಜಿಟಿಐ ನಂತರ ಯುರೋಪಿನಲ್ಲಿ ಸಾಮಾನ್ಯ ಕಾರನ್ನು ತಗ್ಗಿಸುವುದೇ ದೊಡ್ಡ ವ್ಯಾಪಾರವಾಯಿತು.

ನನಗೆ ಮುಖ್ಯವೆನಿಸುವ ಪರಂಪರೆ ಬೇರೆ. ಕಾಲಿನ್ ಚಾಪ್ಮನ್ ಅವರ 1962ರ ಲೋಟಸ್ ಇಲಾನ್ ನೆಲಕ್ಕಂಟಿದಂತಿದ್ದ ಕಾರು, ಆದರೆ ಅದರ ಸ್ಪ್ರಿಂಗ್ ಮೆತ್ತಗೆ, ಚಕ್ರ ಮೇಲೆ ಕೆಳಗೆ ಆಡುವ ಓಟ ಧಾರಾಳ. ಹಿಡಿತದ ಹೊಣೆಯನ್ನು ಕಡಿಮೆ ತೂಕಕ್ಕೂ ಸರಿಯಾದ ಜ್ಯಾಮಿತಿಗೂ ಒಳ್ಳೆಯ ಡ್ಯಾಂಪರಿಗೂ ಹಂಚಿಕೊಟ್ಟದ್ದರಿಂದ ಗಟ್ಟಿ ಸ್ಪ್ರಿಂಗ್ ಬೇಕಾಗಲೇ ಇಲ್ಲ. ರೋಜರ್ ಬೆಕರ್, ಜಾನ್ ಮೈಲ್ಸ್ ಮುಂತಾದವರು ಲೋಟಸ್‌ನಲ್ಲಿ ಇದನ್ನು ಮುಂದಕ್ಕೆ ಒಯ್ದರು. ತನ್ನ ಡ್ಯಾಂಪರ್‌ಗಳನ್ನು ತಾನೇ ತಯಾರಿಸುತ್ತಿದ್ದ ಪೂಜೊ ಕಂಪನಿ 405, 306ರಂಥ ಮನೆಬಳಕೆಯ ಕಾರುಗಳಲ್ಲಿ ಇದೇ ಗುಣವನ್ನು ಸಾಧಿಸಿತು. ಈ ಕಾರುಗಳನ್ನು ಕೆಟ್ಟ ರಸ್ತೆಯಲ್ಲಿ ಓಡಿಸಿದವರಿಗೆ ಸುಖ ಮತ್ತು ಹಿಡಿತ ಶತ್ರುಗಳೆಂದು ಹೇಳುವ ಮನಸ್ಸೇ ಬರುವುದಿಲ್ಲ.

ನಮ್ಮ ತಲೆಮಾರು ಕೆಲಸಕ್ಕಿಳಿದದ್ದು ಎಸ್ಟೀಮ್, ಹೋಂಡಾ ಸಿಟಿಗಳ ಕಾಲದಲ್ಲಿ. ಆಗ ತಗ್ಗಿಸುವುದೆಂದರೆ ಸ್ಪ್ರಿಂಗಿನ ಒಂದು ಸುತ್ತು ಕತ್ತರಿಸುವುದು. 1995ರಲ್ಲಿ ಬಂದ ಮಿಲಿಕೆನ್ ತಂದೆಮಗನ ರೇಸ್ ಕಾರ್ ಗ್ರಂಥ ಕೈಗೆ ಸಿಕ್ಕ ಮೇಲೆ ಲೆಕ್ಕ ಮಾಡುವುದನ್ನು ಕಲಿತೆವು, ಆ ಲೆಕ್ಕವೇ ಕಣ್ಣು ತೆರೆಸಿತು. ಸೆಕೆಂಡಿಗೆ ಒಂದು ಸಲ ತೂಗುವ ಕಾರಿನ ಸ್ಪ್ರಿಂಗ್ ಸ್ವಂತ ಭಾರಕ್ಕೆ ಸುಮಾರು 25 ಸೆಂ.ಮೀ. ಕುಸಿದಿರುತ್ತದೆ; ಒಂದೂವರೆ ಸಲವಾದರೆ 11, ಎರಡು ಸಲವಾದರೆ ಬರೀ 6. ಚಕ್ರ ಮೇಲೇರಲು 80 ಮಿ.ಮೀ. ಜಾಗವಿರುವ ಕಾರನ್ನು 40 ಮಿ.ಮೀ. ತಗ್ಗಿಸಿದಿರಿ ಎನ್ನಿ. ಅದೇ ಗುಂಡಿಯ ಏಟನ್ನು ಅರ್ಧ ಜಾಗದಲ್ಲಿ ಸ್ಪ್ರಿಂಗ್ ಒಂದೇ ತಡೆಯಬೇಕಾದರೆ ಅದು ನಾಲ್ಕು ಪಟ್ಟು ಗಟ್ಟಿಯಾಗಬೇಕು. ಆಗ ತೂಗುವ ವೇಗ ಎರಡು ಪಟ್ಟಾಗಿ ಮನೆಯ ಕಾರು ರೇಸ್ ಕಾರಾಗುತ್ತದೆ. ಹಾಗಾಗಿ ಉಳಿದ ಕೆಲಸವನ್ನು ಸ್ಪ್ರಿಂಗ್ ಬಿಟ್ಟು ಬೇರೆ ಭಾಗಗಳೇ ಮಾಡಬೇಕು.

ಅವುಗಳಲ್ಲಿ ಎಲ್ಲರೂ ಕಡೆಗಣಿಸಿದ್ದು ಬಂಪ್ ಸ್ಟಾಪ್. ಶಾಕ್ ಅಬ್ಸಾರ್ಬರಿನ ರಾಡಿಗೆ ಒಂದು ಜಿಪ್ ಟೈ ಕಟ್ಟಿ ನಾಲ್ಕು ಹಂಪ್ ದಾಟಿಸಿ ನೋಡಿ. ಗಟ್ಟಿ ಸ್ಪ್ರಿಂಗಿನದೆಂದು ದೂರು ಬಂದ ಕಾರಿನಲ್ಲಿ ಟೈ ಬಂಪ್ ಸ್ಟಾಪಿಗೆ ಒತ್ತಿಕೊಂಡು ನಿಂತಿರುತ್ತದೆ. ಬೆನ್ನಿಗೆ ಬಡಿದದ್ದು ಸ್ಪ್ರಿಂಗ್ ಅಲ್ಲ, ಓಟ ಮುಗಿದ ಜಾಗ. ಬಂಪ್ ಸ್ಟಾಪ್ ಎಂಬ, ಸಣ್ಣ ಗುಳ್ಳೆಗಳಿಂದ ತುಂಬಿದ ಪಾಲಿಯುರೆಥೇನ್ ತುಂಡಿನ ತುದಿ ಸಪೂರ, ಬುಡ ದಪ್ಪ. ಅದುಮಿದಷ್ಟೂ ನಿಧಾನವಾಗಿ ಗಟ್ಟಿಯಾಗುವ ಅದೂ ಒಂದು ಸ್ಪ್ರಿಂಗೇ. ಜಾಗ ಮಾಡಲು ತುದಿ ಕತ್ತರಿಸಿದರೆ ಮೆತ್ತಗಿನ ಭಾಗ ಹೋಗಿ ದಪ್ಪನೆಯದೇ ಉಳಿಯುತ್ತದೆ. ಸರಿಯಾದ ದಾರಿ ಮೈ ಗಿಡ್ಡಗಿರುವ ಡ್ಯಾಂಪರ್ ಹಾಕಿ ಆ ತುಂಡನ್ನು ಇಡಿಯಾಗಿ ಉಳಿಸಿಕೊಳ್ಳುವುದು. ರ‍್ಯಾಲಿ ಕಾರುಗಳಲ್ಲಿ ಹಳೆಯದಾದ ಹೈಡ್ರಾಲಿಕ್ ಬಂಪ್ ಸ್ಟಾಪನ್ನು ಸಿಟ್ರೊಯೆನ್ 2017ರ ಹೊತ್ತಿಗೆ ಸಾಮಾನ್ಯ ಕಾರುಗಳಿಗೂ ತಂದದ್ದು ಇತ್ತೀಚಿನ ದಶಕಗಳ ಒಳ್ಳೆಯ ಸುದ್ದಿಗಳಲ್ಲೊಂದು.

ಸ್ಪ್ರಿಂಗಿನ ಹೊರೆ ಇಳಿಸಬಲ್ಲ ಇನ್ನೊಂದು ಅಂಶವೆಂದರೆ ಜ್ಯಾಮಿತಿ. ಸ್ಟ್ರಟ್ ಇರುವ ಕಾರನ್ನು ತಗ್ಗಿಸಿದಾಗ ಲೋವರ್ ಆರ್ಮ್ ಹೊರತುದಿ ಮೇಲಾಗಿ ನಿಲ್ಲುತ್ತದೆ, ಕಾರು ಯಾವ ಬಿಂದುವಿನ ಸುತ್ತ ವಾಲುತ್ತದೋ ಆ ರೋಲ್ ಸೆಂಟರ್ ಕಾರಿನ ಮೈಗಿಂತ ಹೆಚ್ಚು ಕೆಳಗಿಳಿಯುತ್ತದೆ. ಗುರುತ್ವ ಕೇಂದ್ರಕ್ಕೂ ಅದಕ್ಕೂ ಅಂತರ ಹೆಚ್ಚಿ, ಅದೇ ಸ್ಪ್ರಿಂಗಿನಲ್ಲಿ ಕಾರು ತಿರುವಿನಲ್ಲಿ ಮೊದಲಿಗಿಂತ ಹೆಚ್ಚು ವಾಲಬಹುದು. ಉದ್ದ ಕಾಂಡದ ಬಾಲ್ ಜಾಯಿಂಟ್ ಹಾಕಿ, ಟೈ ರಾಡಿನ ಕೋನವನ್ನೂ ಸರಿಪಡಿಸಿದರೆ ಮುಗಿಯುವ ಕೆಲಸಕ್ಕೆ ಜನ ಇನ್ನೂ ಗಟ್ಟಿ ಸ್ಪ್ರಿಂಗ್ ಹುಡುಕುತ್ತಾರೆ. ಟಯರೂ ಇದೇ ಲೆಕ್ಕಕ್ಕೆ ಸೇರುತ್ತದೆ: 185/60 ಆರ್15 ಬಿಟ್ಟು 205/40 ಆರ್17 ಹಾಕಿದವರು ಪಕ್ಕೆಯ ಎತ್ತರದಲ್ಲಿ 29 ಮಿ.ಮೀ. ರಬ್ಬರನ್ನು ಕಳೆದುಕೊಂಡಿರುತ್ತಾರೆ.

ಡ್ಯಾಂಪರಿನ ಬಿಗಿಯನ್ನು ಕ್ಷಣಕ್ಷಣಕ್ಕೂ ಬದಲಿಸುವ ಎಲೆಕ್ಟ್ರಾನಿಕ್ಸ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಾರ್ನಾಪ್ ಮತ್ತು ಸಂಗಡಿಗರ ಸ್ಕೈಹುಕ್ ಚಿಂತನೆ 1974ರದು, ಕ್ಯಾಡಿಲಾಕ್‌ನ ಮ್ಯಾಗ್ನರೈಡ್ 2002ರದು. ಎರಡೂ ದೊಡ್ಡ ಸಾಧನೆಗಳು, ಆದರೆ ಇಲ್ಲದ ಜಾಗವನ್ನು ಅವು ಹುಟ್ಟಿಸಲಾರವು.

ನಮ್ಮಲ್ಲಿ ಕೊರತೆ ಇರುವುದು ಬೇರೆ ಕಡೆ. ಇಂಡಿಯನ್ ರೋಡ್ ಕಾಂಗ್ರೆಸ್ಸಿನ ಮಾರ್ಗಸೂಚಿಯ ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ, ಗಂಟೆಗೆ 25 ಕಿ.ಮೀ. ವೇಗದಲ್ಲಿ ದಾಟಲೆಂದು ಮಾಡಿದ್ದು. ಬಡಾವಣೆಗಳಲ್ಲಿ ರಾತ್ರೋರಾತ್ರಿ ಏಳುವ ಹಂಪ್‌ಗಳಿಗೆ ಇಂಥ ಅಳತೆಯಿಲ್ಲ. ವಾಹನದ ಮೂಲ ವಿನ್ಯಾಸ ಬದಲಿಸುವುದನ್ನು ನಿರ್ಬಂಧಿಸುವ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಕುರಿತ 2019ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಕಾರು ತಗ್ಗಿಸುವವರು ತಾವು ಕಲಿತದ್ದನ್ನು ಬಹಿರಂಗವಾಗಿ ಹೇಳಲೂ ಹಿಂಜರಿಯುತ್ತಾರೆ. ಕರ್ನಾಟಕದ ಕೆ-1000 ರ‍್ಯಾಲಿಯ ಕಾರುಗಳಿಗೆ ದಶಕಗಳ ಕಾಲ ಡ್ಯಾಂಪರ್ ಕಟ್ಟಿದ ಮೆಕ್ಯಾನಿಕ್‌ಗಳ ತಿಳಿವಳಿಕೆಯನ್ನು ಬರೆದಿಟ್ಟುಕೊಂಡವರನ್ನು ನಾನು ಕಂಡಿಲ್ಲ. ತಗ್ಗಿಸಿದ ಕಾರನ್ನು ಪರೀಕ್ಷಿಸುವವರು ಚಾಲಕ ಒಬ್ಬನೇ ಕೂತು ಪರೀಕ್ಷಿಸುತ್ತಾರೆ, ಆದರೆ ಶನಿವಾರ ಅದೇ ಕಾರು ಐದು ಜನ, ಡಿಕ್ಕಿ ತುಂಬ ಸಾಮಾನು ಹೊತ್ತು ಧರ್ಮಸ್ಥಳಕ್ಕೆ ಹೊರಡುತ್ತದೆ. ಆಗ ಹಿಂದಿನ ಚಕ್ರಕ್ಕೆ ಎಷ್ಟು ಜಾಗ ಉಳಿದಿರುತ್ತದೆ ಎಂಬುದನ್ನು ಸ್ಪ್ರಿಂಗ್ ಪೆಟ್ಟಿಗೆಯ ಮೇಲೆ ಎಷ್ಟು ತಗ್ಗುತ್ತದೆಂಬ ಅಂಕಿಯ ಪಕ್ಕದಲ್ಲೇ ಮುದ್ರಿಸಬೇಕು. ಅಳೆಯಲು ಒಂದು ಜಿಪ್ ಟೈ, ಒಂದು ಸ್ಕೇಲ್ ಸಾಕು.