ಕ್ಯಾಡಿಲಾಕ್ ಯಾರ ಕಾರು?

1908ರಲ್ಲಿ, ಚಳಿಗಾಲ ಮುಗಿಯುವ ಹೊತ್ತಿಗೆ, ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್ ರೇಸ್ ಟ್ರ್ಯಾಕಿನ ಶೆಡ್ಡೊಂದರಲ್ಲಿ ಅಮೆರಿಕದ ಮೂರು ಕಾರುಗಳನ್ನು ಸಂಪೂರ್ಣವಾಗಿ ಬಿಚ್ಚಿಹಾಕಿದರು. ಒಂದೊಂದು ಕಾರಿನಲ್ಲೂ 721 ಬಿಡಿಭಾಗಗಳಿದ್ದವು. ಮೂರರ ಭಾಗಗಳನ್ನೂ ಒಂದೇ ರಾಶಿಗೆ ಹಾಕಿ, ಯಾವುದು ಯಾವ ಕಾರಿನದು ಎಂದು ಗೊತ್ತಾಗದ ಹಾಗೆ ಕಲಸಿದರು. ಅದರಿಂದ 89 ಭಾಗಗಳನ್ನು ತೆಗೆದಿಟ್ಟು, ಅವುಗಳ ಜಾಗಕ್ಕೆ ಡೀಲರಿನ ಉಗ್ರಾಣದಿಂದ ಹೊಸವನ್ನು ತಂದರು. ಆಮೇಲೆ ಬರೀ ಸ್ಪ್ಯಾನರ್ ಮತ್ತು ಸ್ಕ್ರೂ ಡ್ರೈವರ್ ಹಿಡಿದ ಮೆಕ್ಯಾನಿಕ್‌ಗಳು ಮತ್ತೆ ಮೂರು ಕಾರುಗಳನ್ನು ಜೋಡಿಸಿದರು. ಅರ ಹಿಡಿದು ಉಜ್ಜುವಂತಿಲ್ಲ, ಸುತ್ತಿಗೆಯಲ್ಲಿ ಬಡಿದು ಕೂರಿಸುವಂತಿಲ್ಲ. ಒಂದರ ಮಡ್‌ಗಾರ್ಡ್, ಇನ್ನೊಂದರ ಭಾಗ ಸೇರಿ ಕಾರುಗಳು ಹಗಲುವೇಷದವರ ಹಾಗೆ ಬಣ್ಣಬಣ್ಣವಾಗಿದ್ದವು. ಆದರೆ ಮೂರೂ ಸ್ಟಾರ್ಟ್ ಆದವು, 500 ಮೈಲಿ ಓಡಿದವು.

ಯೂರೋಪಿನ ಶ್ರೀಮಂತರ ಕಾರುಗಳಲ್ಲಿ ಒಂದೊಂದು ಭಾಗವನ್ನೂ ಕುಶಲಕರ್ಮಿಗಳು ಕೈಯಿಂದ ತಿದ್ದಿ ಹೊಂದಿಸುತ್ತಿದ್ದ ಕಾಲ ಅದು. ಹಾಗಾಗಿ ಲಂಡನ್ನಿನ ರಾಯಲ್ ಆಟೊಮೊಬೈಲ್ ಕ್ಲಬ್ ಆ ವರ್ಷದ ಡ್ಯೂಆರ್ ಟ್ರೋಫಿಯನ್ನು ಈ ಕಂಪನಿಗೆ ಕೊಟ್ಟಿತು. ಕಂಪನಿಯ ಹೆಸರು ಕ್ಯಾಡಿಲಾಕ್. ಜಗತ್ತಿಗೇ ತಾನು ಮಾನದಂಡ ಎಂದು ಅದು ಜಾಹೀರಾತಿನಲ್ಲಿ ಹೇಳಿಕೊಂಡದ್ದು ಈ ಗೆಲುವಿನ ಬಲದ ಮೇಲೆ.

ಇದರ ಹಿಂದಿದ್ದವನು ಹೆನ್ರಿ ಲೀಲೆಂಡ್. ಬಂದೂಕು ಕಾರ್ಖಾನೆಯಲ್ಲೂ ಅಳತೆಯ ಉಪಕರಣಗಳ ಕಾರ್ಖಾನೆಯಲ್ಲೂ ಪಳಗಿದ, ಕೂದಲೆಳೆಯಷ್ಟು ತಪ್ಪನ್ನೂ ಸಹಿಸದ ಮನುಷ್ಯ. 1902ರಲ್ಲಿ ಹೆನ್ರಿ ಫೋರ್ಡ್ ತನ್ನ ಬಂಡವಾಳದಾರರ ಜೊತೆ ಜಗಳವಾಡಿಕೊಂಡು ಹೊರಟುಹೋದಾಗ, ಉಳಿದ ಕಾರ್ಖಾನೆಗೆ ಬೆಲೆ ಕಟ್ಟಿಕೊಡಲು ಅವರು ಲೀಲೆಂಡನನ್ನು ಕರೆದರು. ಕಾರ್ಖಾನೆಯನ್ನು ಮಾರುವ ಬದಲು ನನ್ನ ಎಂಜಿನ್ ಹಾಕಿ ಕಾರು ಮಾಡಿ ಎಂದು ಅವನು ಒಪ್ಪಿಸಿದ. ಹೊಸ ಕಂಪನಿಗೆ 1701ರಲ್ಲಿ ಡೆಟ್ರಾಯಿಟ್ ಊರನ್ನು ಸ್ಥಾಪಿಸಿದ ಫ್ರೆಂಚ್ ಅಧಿಕಾರಿಯ ಹೆಸರನ್ನಿಟ್ಟರು, ಅವನ ವಂಶಲಾಂಛನವನ್ನೇ ಕಾರಿನ ಮೂತಿಗೆ ಅಂಟಿಸಿದರು. ತಮಾಷೆಯೆಂದರೆ, ಆ ಅಧಿಕಾರಿಯ ನಿಜವಾದ ಹೆಸರು ಆಂತ್ವಾನ್ ಲೋಮೆ. ‘ಕ್ಯಾಡಿಲಾಕ್’ ಎಂಬ ಕುಲೀನ ಮನೆತನದ ಹೆಸರನ್ನೂ ಲಾಂಛನವನ್ನೂ ಅವನು ಅಮೆರಿಕಕ್ಕೆ ಬಂದ ಮೇಲೆ ತಾನೇ ಕಟ್ಟಿಕೊಂಡದ್ದು. ದೊಡ್ಡ ಮನೆತನದವನೆಂದು ಹೇಳಿಕೊಂಡ ಒಬ್ಬ ಸಾಮಾನ್ಯನ ಗುರುತು, ಮುಂದೆ ಅಮೆರಿಕದ ದೊಡ್ಡ ಮನುಷ್ಯರ ಗುರುತಾಯಿತು.

1909ರಲ್ಲಿ ಜನರಲ್ ಮೋಟರ್ಸ್ ಈ ಕಂಪನಿಯನ್ನು ಕೊಂಡಿತು. 1912ರ ಕಾರುಗಳಿಗೆ ಎಲೆಕ್ಟ್ರಿಕ್ ಸ್ಟಾರ್ಟರ್ ಬಂತು, ಹ್ಯಾಂಡಲ್ ತಿರುಗಿಸಿ ಕೈ ಮುರಿದುಕೊಳ್ಳುವುದು ತಪ್ಪಿತು. 1915ರ ಮಾದರಿಗೆ ವಿ-8 ಎಂಜಿನ್ ಬಂತು. ಕಂಪನಿಯ ಅಧಿಕೃತ ಚರಿತ್ರೆಗಳು ಇವನ್ನೆಲ್ಲ ವಿವರವಾಗಿ ಹೇಳುತ್ತವೆ, ಅದರಲ್ಲಿ ತಪ್ಪೇನಿಲ್ಲ. ಆದರೆ ಕೊಳ್ಳುವ ಅಭ್ಯಾಸಗಳ ಚರಿತ್ರೆಯನ್ನು ಸಂಶೋಧನೆಗೆ ಆರಿಸಿಕೊಂಡಿರುವ ನನಗೆ ಕಾಡುವ ಪ್ರಶ್ನೆ ಬೇರೆ. ಈ ಕಾರನ್ನು ಕೊಂಡವರು ಯಾರು? ಅದಕ್ಕಿಂತ ಮುಖ್ಯವಾಗಿ, ಕೊಳ್ಳಲು ಹೋದಾಗ ‘ನಿನಗಿಲ್ಲ’ ಎನ್ನಿಸಿಕೊಂಡವರು ಯಾರು?

ಮ್ಯಾನೇಜ್‌ಮೆಂಟ್ ಚಿಂತಕ ಪೀಟರ್ ಡ್ರಕರ್ 1979ರಲ್ಲಿ ಪ್ರಕಟಿಸಿದ ‘ಅಡ್ವೆಂಚರ್ಸ್ ಆಫ್ ಎ ಬೈಸ್ಟ್ಯಾಂಡರ್’ ಎಂಬ ನೆನಪುಗಳ ಪುಸ್ತಕದಲ್ಲಿ ನಿಕೊಲಸ್ ಡ್ರೈಸ್ಟಾಟ್ ಎಂಬಾತನ ಪ್ರಸಂಗ ಬರುತ್ತದೆ. ಜರ್ಮನಿಯಿಂದ ವಲಸೆ ಬಂದ ಈ ಮೆಕ್ಯಾನಿಕ್, 1930ರ ದಶಕದ ಆರಂಭದಲ್ಲಿ ಕ್ಯಾಡಿಲಾಕಿನ ಸರ್ವಿಸ್ ವಿಭಾಗದ ಮುಖ್ಯಸ್ಥನಾಗಿದ್ದ. ಮಹಾ ಆರ್ಥಿಕ ಕುಸಿತದ ಕಾಲ. ಷೇರು ಪೇಟೆ ಮುಗ್ಗರಿಸಿದ ಎರಡೇ ತಿಂಗಳಿಗೆ, 1930ರ ಜನವರಿಯಲ್ಲಿ, ಕ್ಯಾಡಿಲಾಕ್ 16 ಸಿಲಿಂಡರಿನ ಭಾರೀ ಕಾರೊಂದನ್ನು ಹೊರತಂದಿತ್ತು. ಕೊಳ್ಳುವವರೇ ಇರಲಿಲ್ಲ. ಈ ವಿಭಾಗವನ್ನೇ ಮುಚ್ಚಿಬಿಡೋಣವೇ ಎಂದು ಜನರಲ್ ಮೋಟರ್ಸಿನ ಹಿರಿಯರು ಯೋಚಿಸುತ್ತಿದ್ದರು.

ದೇಶದ ತುಂಬ ಸರ್ವಿಸ್ ಶೆಡ್ಡುಗಳನ್ನು ಸುತ್ತುತ್ತಿದ್ದ ಡ್ರೈಸ್ಟಾಟನಿಗೆ ಒಂದು ವಿಚಿತ್ರ ಕಾಣಿಸಿತು. ಕಪ್ಪು ಜನರಿಗೆ ಕ್ಯಾಡಿಲಾಕ್ ಮಾರಬಾರದು ಎಂಬುದು ಕಂಪನಿಯ ನೀತಿ. ಅವರು ಕೊಂಡರೆ ಬಿಳಿಯ ಶ್ರೀಮಂತರ ಕಣ್ಣಲ್ಲಿ ಕಾರಿನ ಘನತೆ ಇಳಿಯುತ್ತದೆ ಎಂಬ ಲೆಕ್ಕ. ಆದರೆ ರಿಪೇರಿಗೆ ಕಾರು ತರುತ್ತಿದ್ದವರಲ್ಲಿ ಕಪ್ಪು ಜನ ಸಾಕಷ್ಟಿದ್ದರು: ಬಾಕ್ಸರುಗಳು, ಹಾಡುಗಾರರು, ವೈದ್ಯರು, ಜಮೀನು ವ್ಯವಹಾರದವರು. ಶೋರೂಮಿನಲ್ಲಿ ಮಾರದ ಕಾರು ಇವರ ಕೈಗೆ ಬಂದದ್ದು ಹೇಗೆ? ಒಬ್ಬ ಬಿಳಿಯನಿಗೆ ನೂರಾರು ಡಾಲರ್ ಕೊಟ್ಟು, ಅವನ ಹೆಸರಿನಲ್ಲಿ ಕೊಳ್ಳುತ್ತಿದ್ದರು.

ಡ್ರೈಸ್ಟಾಟ್ ಕರೆಯದಿದ್ದರೂ ಹಿರಿಯರ ಸಭೆಗೆ ನುಗ್ಗಿ ಇದನ್ನು ಹೇಳಿದನಂತೆ. ಅವನು ನ್ಯಾಯದ ಮಾತೆತ್ತಲಿಲ್ಲ, ದುಡ್ಡಿನ ಮಾತಾಡಿದ. ಆ ನೂರಾರು ಡಾಲರ್ ಯಾರೋ ಮಧ್ಯವರ್ತಿಯ ಜೇಬಿಗೆ ಯಾಕೆ ಹೋಗಬೇಕು? ಸಭೆ ಅವನಿಗೆ ಹದಿನೆಂಟು ತಿಂಗಳ ಕಾಲಾವಕಾಶ ಕೊಟ್ಟಿತು, 1934ರ ಕೊನೆಗೆ ಕ್ಯಾಡಿಲಾಕ್ ನಷ್ಟದಿಂದ ಹೊರಬಂತು ಎನ್ನುತ್ತಾರೆ ಡ್ರಕರ್. ಆ ವರ್ಷವೇ ಡ್ರೈಸ್ಟಾಟ್ ಇಡೀ ವಿಭಾಗದ ಮುಖ್ಯಸ್ಥನಾದ.

ಈ ಕಥೆಯನ್ನು ಇಂದು ಮಾರ್ಕೆಟಿಂಗ್ ತರಗತಿಗಳಲ್ಲಿ ಹಾಗೆಹಾಗೇ ಒಪ್ಪಿಸುತ್ತಾರೆ. ನಾನು ಸ್ವಲ್ಪ ತಡೆಯುತ್ತೇನೆ. ಡ್ರಕರ್ ಜನರಲ್ ಮೋಟರ್ಸಿನ ಒಳಹೊಕ್ಕು ಅಧ್ಯಯನ ಮಾಡಿದ್ದು 1940ರ ದಶಕದಲ್ಲಿ, ಅಂದರೆ ಘಟನೆಯಾಗಿ ಹತ್ತು ವರ್ಷದ ಮೇಲೆ. ಬರೆದದ್ದು ಇನ್ನೂ ಮೂವತ್ತೈದು ವರ್ಷದ ನಂತರ. ಅವರು ಕಥೆಯನ್ನು ಚೆನ್ನಾಗಿ ಹೇಳಬಲ್ಲವರು, ಅದೇ ಸ್ವಲ್ಪ ಅನುಮಾನಕ್ಕೂ ಕಾರಣ. 1934ರಲ್ಲಿ ಇಡೀ ಮೋಟಾರು ಮಾರುಕಟ್ಟೆ ಚೇತರಿಸಿಕೊಳ್ಳುತ್ತಿತ್ತು, ಕ್ಯಾಡಿಲಾಕಿನ ತಂಗಿಯಂತಿದ್ದ ಲಾಸಾಲ್ ಕಾರಿನ ಬೆಲೆಯೂ ಇಳಿದಿತ್ತು. ಕಪ್ಪು ಗ್ರಾಹಕರೊಬ್ಬರೇ ಕಂಪನಿಯನ್ನು ಉಳಿಸಿದರು ಎನ್ನುವುದು ಹೆಚ್ಚಾದೀತು. ಆದರೆ ಕಥೆಯ ತಿರುಳು, ಅಂದರೆ ಕೊಳ್ಳುವ ಶಕ್ತಿಯಿದ್ದವರು ಶೋರೂಮಿನ ಮುಂಬಾಗಿಲಿಂದ ಹೋಗಲಾಗದೆ ಬಿಳಿಯನೊಬ್ಬನನ್ನು ಮುಂದಿಟ್ಟುಕೊಂಡು ಕೊಳ್ಳಬೇಕಾಗಿತ್ತು ಎಂಬುದು, ಆ ಕಾಲದ ಅಮೆರಿಕವನ್ನು ಬಲ್ಲ ಯಾರಿಗೂ ಅಚ್ಚರಿ ತರುವುದಿಲ್ಲ.

ಅವರು ಆ ದುಡ್ಡಿನಲ್ಲಿ ಮನೆ ಕೊಳ್ಳಬಹುದಿತ್ತಲ್ಲ, ಕಾರೇ ಯಾಕೆ? ಈ ಪ್ರಶ್ನೆಯನ್ನು ಬಹಳ ಜನ ಕೇಳಿದ್ದಾರೆ. ಉತ್ತರಕ್ಕೆ ಡೆಟ್ರಾಯಿಟ್ ನಗರವನ್ನೇ ನೋಡಬೇಕು. 1925ರಲ್ಲಿ ಡಾ. ಆಸಿಯನ್ ಸ್ವೀಟ್ ಎಂಬ ಕಪ್ಪು ವೈದ್ಯರು ಬಿಳಿಯರ ಬಡಾವಣೆಯಲ್ಲಿ ಮನೆ ಕೊಂಡಾಗ ನೂರಾರು ಜನರ ಗುಂಪು ಮನೆಗೆ ಮುತ್ತಿಗೆ ಹಾಕಿ ಕಲ್ಲು ತೂರಿತು. ಒಳಗಿನಿಂದ ಗುಂಡು ಹಾರಿ ಒಬ್ಬ ಬಿಳಿಯ ಸತ್ತ. ಮನೆಯೊಳಗಿದ್ದವರ ಮೇಲೆಲ್ಲ ಕೊಲೆ ಮೊಕದ್ದಮೆ ಬಿತ್ತು, ಖ್ಯಾತ ವಕೀಲ ಕ್ಲಾರೆನ್ಸ್ ಡ್ಯಾರೋ ವಾದಿಸಿ ಬಿಡಿಸಬೇಕಾಯಿತು. 1941ರಲ್ಲಿ ಅದೇ ಊರಿನ ಎಂಟನೇ ಮೈಲಿ ರಸ್ತೆಯ ಹತ್ತಿರ ಬಡಾವಣೆ ಕಟ್ಟುವವನೊಬ್ಬ ಅರ್ಧ ಮೈಲಿ ಉದ್ದದ ಗೋಡೆ ಎಬ್ಬಿಸಿದ. ಕಪ್ಪು ಜನರ ಕೇರಿಯಿಂದ ಬೇರೆಯಾಗದಿದ್ದರೆ ಅವನ ಮನೆಗಳ ಸಾಲಕ್ಕೆ ಸರ್ಕಾರದ ಖಾತರಿ ಸಿಗುತ್ತಿರಲಿಲ್ಲ. ಆ ಗೋಡೆ ಇಂದಿಗೂ ಇದೆ. ದುಡ್ಡಿದ್ದರೂ ಒಳ್ಳೆಯ ಬೀದಿಯಲ್ಲಿ ಮನೆಯಿಲ್ಲ, ಒಳ್ಳೆಯ ಹೋಟೆಲಿನಲ್ಲಿ ಕೋಣೆಯಿಲ್ಲ, ಕ್ಲಬ್ಬಿನಲ್ಲಿ ಕುರ್ಚಿಯಿಲ್ಲ. ಒಂದು ಸಲ ಕೈಗೆ ಬಂದರೆ ಬಿಳಿಯರ ಬೀದಿಯಲ್ಲೂ ಓಡಿಸಬಹುದಾದ ವಸ್ತು ಕಾರೊಂದೇ.

1949ರ ಸೆಪ್ಟೆಂಬರಿನಲ್ಲಿ, ಷಿಕಾಗೊದ ಜಾನ್ ಎಚ್. ಜಾನ್ಸನ್ ನಡೆಸುತ್ತಿದ್ದ ‘ಎಬೊನಿ’ ಪತ್ರಿಕೆ ಇದೇ ಪ್ರಶ್ನೆ ಎತ್ತಿಕೊಂಡು ಸಂಪಾದಕೀಯ ಬರೆಯಿತು: ನಮ್ಮವರು ಕ್ಯಾಡಿಲಾಕ್ ಯಾಕೆ ಕೊಳ್ಳುತ್ತಾರೆ? ಪತ್ರಿಕೆಯ ಉತ್ತರದಲ್ಲಿ ಅಂಜಿಕೆಯಿರಲಿಲ್ಲ. ಇದು ಬರೀ ಶೋಕಿಯಲ್ಲ, ತಾನು ಯಾವ ಬಿಳಿಯನಿಗೂ ಕಡಿಮೆಯಲ್ಲ ಎಂದು ಸಾರಲು ಕಪ್ಪು ಮನುಷ್ಯನ ಕೈಗೆ ಸಿಕ್ಕ ಆಯುಧ ಎಂದು ಅದು ವಾದಿಸಿತು. ಇದನ್ನು ಓದುವಾಗ ಕನ್ನಡದ ಓದುಗನಿಗೆ ಅಂಬೇಡ್ಕರ್ ನೆನಪಾಗದೆ ಇರುವುದಿಲ್ಲ. 1929ರಲ್ಲಿ ಚಾಳೀಸಗಾಂವಿಗೆ ಅವರು ಬಂದಾಗ ಟಾಂಗಾದವರು ಯಾರೂ ಅಸ್ಪೃಶ್ಯನನ್ನು ಕೂರಿಸಿಕೊಂಡು ಓಡಿಸಲು ಒಪ್ಪಲಿಲ್ಲ. ಅತಿಥಿ ನಡೆದುಕೊಂಡು ಬಂದರೆ ತಮಗೆ ಅವಮಾನ ಎಂದುಕೊಂಡ ಕೇರಿಯವರು, ಟಾಂಗಾ ಮಾತ್ರ ಬಾಡಿಗೆಗೆ ಪಡೆದು, ಎಂದೂ ಓಡಿಸಿರದ ತಮ್ಮವನೊಬ್ಬನನ್ನೇ ಕೂರಿಸಿದರು. ಗಾಡಿ ಮಗುಚಿ ಅಂಬೇಡ್ಕರರ ಕಾಲು ಮುರಿಯಿತು. ಚಾಳೀಸಗಾಂವ್ ಬೇರೆ, ಷಿಕಾಗೊ ಬೇರೆ, ನಿಜ. ಆದರೆ ಮದುವೆಯ ದಿನ ಕುದುರೆ ಏರಿದ ದಲಿತ ವರನ ಮೇಲೆ ಕಲ್ಲು ಬಿದ್ದ ಸುದ್ದಿಯನ್ನು ಈಗಲೂ ಓದುವ ನಮಗೆ, ‘ಅಷ್ಟು ದುಬಾರಿ ಕಾರು ಅವರಿಗೆ ಯಾಕೆ ಬೇಕಿತ್ತು’ ಎಂಬ ಪ್ರಶ್ನೆಯ ದನಿ ಪರಿಚಿತವೇ.

ಕಾರು ಕೊಂಡವರ ಅನುಭವ ಒಂದೇ ಥರದ್ದಲ್ಲ. ಬಾಕ್ಸಿಂಗ್ ಚಾಂಪಿಯನ್ ಶುಗರ್ ರೇ ರಾಬಿನ್ಸನ್ 1950ರಲ್ಲಿ ಒಂದು ಕ್ಯಾಡಿಲಾಕ್ ಕನ್ವರ್ಟಿಬಲ್ ಕೊಂಡು ಅದಕ್ಕೆ ಫ್ಲೆಮಿಂಗೊ ಹಕ್ಕಿಯ ಗುಲಾಬಿ ಬಣ್ಣ ಬಳಿಸಿದ. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಅದು ನಿಂತ ಕಡೆ ಜಾತ್ರೆ. ಪ್ಯಾರಿಸ್ಸಿಗೆ ಹೋದಾಗ ಹಡಗಿನಲ್ಲಿ ಅದನ್ನೂ ಕೊಂಡೊಯ್ದ. ಎಲ್ವಿಸ್ ಪ್ರೆಸ್ಲಿಯ ಗುಲಾಬಿ ಕ್ಯಾಡಿಲಾಕ್ ಎಲ್ಲರಿಗೂ ಗೊತ್ತು, ಅದಕ್ಕಿಂತ ಐದು ವರ್ಷ ಹಿಂದಿನದು ಇದು ಎಂಬುದನ್ನು ಹೇಳುವವರು ಕಡಿಮೆ.

ಹೆಸರಿಲ್ಲದವರ ಕಥೆ ಬೇರೆ. ದಕ್ಷಿಣದ ರಾಜ್ಯಗಳಲ್ಲಿ ಬಸ್ಸು ರೈಲುಗಳ ಬೇರೆ ಸೀಟಿನ ಅವಮಾನದಿಂದ ಕಾರು ಪಾರು ಮಾಡುತ್ತಿತ್ತು. ದಾರಿಯಲ್ಲಿ ಎಲ್ಲಿ ಪೆಟ್ರೋಲ್, ಎಲ್ಲಿ ಊಟ, ಎಲ್ಲಿ ಹಾಸಿಗೆ ಸಿಗುತ್ತದೆ ಎಂದು ಹೇಳಲು ಹಾರ್ಲೆಮ್‌ನ ಅಂಚೆ ನೌಕರ ವಿಕ್ಟರ್ ಗ್ರೀನ್ 1936ರಿಂದ ‘ಗ್ರೀನ್ ಬುಕ್’ ಎಂಬ ಕೈಪಿಡಿಯನ್ನೇ ತರುತ್ತಿದ್ದರು. ಹೋಟೆಲ್ ಸಿಗದ ರಾತ್ರಿ ದೊಡ್ಡ ಕಾರಿನ ಹಿಂದಿನ ಸೀಟೇ ಮಲಗುವ ಕೋಣೆ. ಆದರೆ ಒಳ್ಳೆಯ ಕಾರೇ ಅಪಾಯವನ್ನೂ ಕರೆಯುತ್ತಿತ್ತು. ಕಪ್ಪು ಮುಖ ದುಬಾರಿ ಸ್ಟೀರಿಂಗ್ ಹಿಂದೆ ಕಂಡರೆ ಪೊಲೀಸರು ನಿಲ್ಲಿಸುವುದು ಖಚಿತ. ಹಾಗಾಗಿ ಕೆಲವರು ಕಾರಿನಲ್ಲಿ ಒಂದು ಡ್ರೈವರ್ ಟೋಪಿ ಇಟ್ಟುಕೊಳ್ಳುತ್ತಿದ್ದರು. ನಿಲ್ಲಿಸಿದಾಗ ಅದನ್ನು ತಲೆಗಿಟ್ಟು, ಇದು ನಮ್ಮ ಯಜಮಾನರ ಕಾರು ಸ್ವಾಮಿ, ತಲುಪಿಸಲು ಹೋಗುತ್ತಿದ್ದೇನೆ ಎಂದು ಹೇಳಬೇಕು. ಸ್ವಂತ ದುಡ್ಡಿನ ಕಾರು. ಪಕ್ಕದಲ್ಲಿ ಹೆಂಡತಿ ಇದ್ದರೆ ಅವಳು ಮನೆಗೆಲಸದವಳು. ಹಿಂದೆ ಕೂತ ಮಕ್ಕಳು ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದರು.

ಕ್ಯಾಡಿಲಾಕ್ ಮೋಸದ ಸಾಧನವೂ ಆಯಿತು. ಷಿಕಾಗೊದ ಚೆಸ್ ರೆಕಾರ್ಡ್ಸ್ ತನ್ನ ಬ್ಲೂಸ್ ಗಾಯಕರಿಗೆ ಕ್ಯಾಡಿಲಾಕ್ ಕೊಡಿಸುತ್ತಿದ್ದದ್ದು ಸಂಗೀತ ಲೋಕದಲ್ಲಿ ದಂತಕಥೆಯೇ ಆಗಿದೆ. ಬಾಗಿಲಲ್ಲಿ ಹೊಳೆಯುವ ಕಾರು ನಿಂತಿದ್ದಾಗ ರಾಯಲ್ಟಿಯ ಲೆಕ್ಕ ಯಾರು ಕೇಳುತ್ತಾರೆ? ಕೇಳಿದರು, ಆದರೆ ತಡವಾಗಿ. ಮಡಿ ವಾಟರ್ಸ್ ಮತ್ತು ವಿಲಿ ಡಿಕ್ಸನ್ 1970ರ ದಶಕದಲ್ಲಿ ಚೆಸ್ ಬಳಗದ ಸಂಗೀತ ಪ್ರಕಾಶನ ಸಂಸ್ಥೆಯ ಮೇಲೆ ದಾವೆ ಹೂಡಿದರು. ಸಮಾಜಶಾಸ್ತ್ರಜ್ಞ ಇ. ಫ್ರಾಂಕ್ಲಿನ್ ಫ್ರೇಜಿಯರ್ 1950ರ ದಶಕದಲ್ಲೇ ‘ಬ್ಲ್ಯಾಕ್ ಬೂರ್ಜ್ವಾಸಿ’ ಪುಸ್ತಕದಲ್ಲಿ, ಕಪ್ಪು ಮಧ್ಯಮವರ್ಗ ವಸ್ತುಗಳ ಹೊಳಪಿನಲ್ಲಿ ಕನಸಿನ ಲೋಕ ಕಟ್ಟಿಕೊಂಡು ಬದುಕುತ್ತಿದೆ ಎಂದು ಕಟುವಾಗಿ ಬರೆದಿದ್ದರು. ಫ್ರೇಜಿಯರ್ ಅದೇ ಜನರ ನಡುವಿನವರು, ಅವರ ಮಾತನ್ನು ಸುಲಭಕ್ಕೆ ತಳ್ಳಿಹಾಕಲಾಗದು. ಆದರೂ ಆ ಡ್ರೈವರ್ ಟೋಪಿಯನ್ನು ನೆನೆದಾಗ ನಾನು ಎಬೊನಿಯ ಕಡೆಗೇ ವಾಲುತ್ತೇನೆ.

ಕಾರಿನ ಮುಂದಿನ ಕಥೆ ಬೇಗ ಹೇಳಿ ಮುಗಿಸಬಹುದು. 1948ರಲ್ಲಿ ಯುದ್ಧವಿಮಾನದ ಬಾಲ ನೋಡಿ ಹುಟ್ಟಿದ ಪುಟ್ಟ ರೆಕ್ಕೆಗಳು 1959ರ ಹೊತ್ತಿಗೆ ಭಾರೀ ಎತ್ತರಕ್ಕೆ ಬೆಳೆದವು. ಪೈಪೋಟಿಗಿದ್ದ ಪ್ಯಾಕರ್ಡ್ 1958ರಲ್ಲಿ ಕಣ್ಮುಚ್ಚಿತು. 1982ರ ಮಾದರಿಯಾಗಿ ಕ್ಯಾಡಿಲಾಕ್ ‘ಸಿಮರಾನ್’ ಎಂಬ ಚಿಕ್ಕ ಕಾರು ತಂದಿತು. ಅದು ಅಗ್ಗದ ಶೆವ್ರೊಲೆ ಕ್ಯಾವಲಿಯರ್ ಕಾರಿಗೆ ಚರ್ಮದ ಸೀಟು ಹಾಕಿದ್ದು ಎಂದು ಎಲ್ಲರಿಗೂ ಕಂಡುಹೋಯಿತು. ಭಾಗಗಳು ಅದಲುಬದಲಾಗುವುದೇ ಲೀಲೆಂಡನ ಹೆಮ್ಮೆಯಾಗಿತ್ತು, ಈಗ ಅದೇ ಹೆಸರು ಕೆಡಿಸಿತು. 1999ರ ಮಾದರಿಯಾಗಿ ಬಂದ ಎಸ್ಕಲೇಡ್ ಎಂಬ ದೈತ್ಯವನ್ನು ಹಿಪ್‌ಹಾಪ್ ಹಾಡುಗಾರರೂ ಬ್ಯಾಸ್ಕೆಟ್‌ಬಾಲ್ ಆಟಗಾರರೂ ತಮ್ಮದಾಗಿಸಿಕೊಂಡ ಮೇಲೆ ಕ್ಯಾಡಿಲಾಕಿಗೆ ಮತ್ತೆ ಜೀವ ಬಂತು. ಈ ಸಲ ಯಾರಿಗೂ ಮಧ್ಯವರ್ತಿ ಬೇಕಾಗಲಿಲ್ಲ.

ಈ ಕಾರಿನ ಬಗ್ಗೆ ನಾನು ಓದಿದ್ದರಲ್ಲಿ ಮತ್ತೆ ಮತ್ತೆ ಹಿಂತಿರುಗುವುದು ಒಂದು ಕಥೆಗೆ. ‘ಇನ್‌ವಿಸಿಬಲ್ ಮ್ಯಾನ್’ ಬರೆದ ರಾಲ್ಫ್ ಎಲಿಸನ್ 1973ರಲ್ಲಿ ಪ್ರಕಟಿಸಿದ ‘ಕ್ಯಾಡಿಲಾಕ್ ಫ್ಲಾಂಬೆ’. ಲೀವಿಲಿ ಮಿನಿಫೀಸ್ ಎಂಬ ಜ್ಯಾಜ್ ವಾದ್ಯಗಾರ ತನ್ನ ಬಿಳಿ ಕ್ಯಾಡಿಲಾಕ್ ಓಡಿಸಿಕೊಂಡು ಹೋಗುವಾಗ ರೇಡಿಯೊದಲ್ಲಿ ಸೆನೆಟರ್ ಸನ್‌ರೇಡರ್ ಭಾಷಣ ಕೇಳುತ್ತದೆ. ಈ ಕಾರನ್ನು ಕಪ್ಪು ಜನ ಇಷ್ಟೊಂದು ಕೊಳ್ಳುತ್ತಿದ್ದಾರಾದ್ದರಿಂದ ಅದರ ಹೆಸರನ್ನೇ ಬದಲಿಸಬೇಕು ಎಂದು ಸೆನೆಟರ್ ಅವರನ್ನು ಹೀಯಾಳಿಸುವ ಹೆಸರೊಂದನ್ನು ಸೂಚಿಸುತ್ತಾನೆ. ಮಿನಿಫೀಸ್ ನೇರ ಸೆನೆಟರನ ಮನೆಯ ಹುಲ್ಲುಹಾಸಿನ ಮೇಲೆ ಕಾರು ಹತ್ತಿಸಿ, ಪೆಟ್ರೋಲ್ ಸುರಿದು, ಬೆಂಕಿಯ ಬಾಣ ಬಿಟ್ಟು ಅದನ್ನು ಸುಡುತ್ತಾನೆ. ಅದು ಉರಿಯುತ್ತಿರುವಾಗ, ಇಷ್ಟಪಟ್ಟು ಕೊಂಡ ಕಾರನ್ನು ಇನ್ನು ತಾನು ಯಾಕೆ ಓಡಿಸಲಾರೆ ಎಂದು ಅಲ್ಲಿ ನೆರೆದವರಿಗೆ ವಿವರಿಸುತ್ತಾನೆ.

ಕಥೆ ಹೇಳುವವನು ಮೆಕಿಂಟೈರ್ ಎಂಬ ಬಿಳಿಯ ಪತ್ರಕರ್ತ. ಅಂದು ಬೆಳಿಗ್ಗೆ ಗೆಳೆಯರ ಜೊತೆ ಹಕ್ಕಿ ನೋಡಲು ಹೋಗಿ ಮರಳುತ್ತಿದ್ದ ಅವನ ಕೈಯಲ್ಲಿ ಟೇಪ್ ರೆಕಾರ್ಡರ್ ಇತ್ತು. ಮಿನಿಫೀಸ್ ಆಡಿದ್ದು ನಮಗೆ ಸಿಗುವುದು ಆ ಹಕ್ಕಿಗಳ ಹಾಡಿಗೆಂದು ಒಯ್ದಿದ್ದ ಟೇಪಿನಲ್ಲಿ.