ದೇಣಿಗೆ ನೀಡುವ ಮುನ್ನ: ರಸೀದಿಯ ಹಿಂದೆ ಯಾರಿದ್ದಾರೆ?

ಗಜೇಂದ್ರಗಡದ ಕಾಲಕಾಲೇಶ್ವರ ಗುಡ್ಡ ಹತ್ತಿ ಹುಂಡಿಗೆ ಕಾಣಿಕೆ ಹಾಕುವ ಭಕ್ತನಿಗೆ ಹಣ ಎಲ್ಲಿ ಬಿತ್ತೆಂಬುದು ಕಣ್ಣೆದುರೇ ಇರುತ್ತದೆ. ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಕುಳಿತು ಯಾವುದೇ ಕ್ಷೇತ್ರದ ಹೆಸರಿನ ಖಾತೆಗೆ ಹಣ ಕಳುಹಿಸುವವರಿಗೆ ಆ ಅನುಕೂಲವಿಲ್ಲ. ಕಲಬುರಗಿ ಜಿಲ್ಲೆಯ ದೇವಲ ಗಾಣಗಾಪುರದ ಪ್ರಕರಣ ಇದಕ್ಕೆ ನಿದರ್ಶನ. ಮುಜರಾಯಿ ಇಲಾಖೆಗೆ ಸೇರಿದ ದತ್ತಾತ್ರೇಯ ದೇವಸ್ಥಾನದ ಹೆಸರಿನಲ್ಲಿ ನಕಲಿ ಜಾಲತಾಣಗಳನ್ನು ತೆರೆದು ಸುಮಾರು 20 ಕೋಟಿ ರೂ. ಸಂಗ್ರಹಿಸಿದ ಆರೋಪ 2022ರಲ್ಲಿ ಅಲ್ಲಿನ ಕೆಲ ಅರ್ಚಕರ ಮೇಲೆಯೇ ಬಂದಿತು.

ಹೆಸರು, ಭಾವಚಿತ್ರ, ಲಾಂಛನಗಳು ನಂಟಿಗೆ ಸಾಕ್ಷಿಯಲ್ಲ. ರಸೀದಿಯಲ್ಲಿರುವ ಸಂಸ್ಥೆಯೂ ಬ್ಯಾಂಕ್ ಖಾತೆದಾರರೂ ಒಂದೆಯೇ ಎಂಬುದನ್ನು ಮೊದಲು ನೋಡಬೇಕು. ಸಂಘವಾಗಿದ್ದರೆ, 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಅದು ಪ್ರತಿವರ್ಷ ಆಡಳಿತ ಮಂಡಳಿಯ ಪಟ್ಟಿಯನ್ನು ನೋಂದಣಾಧಿಕಾರಿಗೆ ಸಲ್ಲಿಸಬೇಕು. ಟ್ರಸ್ಟ್ ಆಗಿದ್ದರೆ ಟ್ರಸ್ಟ್ ಪತ್ರವೇ ಮುಖ್ಯ. ಸ್ಥಾಪಕರು ಯಾರು, ಟ್ರಸ್ಟಿಗಳನ್ನು ನೇಮಿಸುವ ಅಧಿಕಾರ ಯಾರದು, ಸಂಸ್ಥೆ ಮುಚ್ಚಿದರೆ ಆಸ್ತಿ ಯಾರಿಗೆ ಸೇರುತ್ತದೆ ಎಂಬ ಕಲಮುಗಳಲ್ಲೇ ಮರೆಯಲ್ಲಿರುವ ಸಂಬಂಧ ಬಯಲಾಗುವುದು ಹೆಚ್ಚು. ಸ್ಥಿರಾಸ್ತಿಗೆ ಸಂಬಂಧಿಸಿದ ನೋಂದಾಯಿತ ಪತ್ರವಾದರೆ 1908ರ ನೋಂದಣಿ ಕಾಯ್ದೆಯ 57ನೇ ಕಲಂ ಪ್ರಕಾರ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಶುಲ್ಕ ಕಟ್ಟಿ ಯಾರು ಬೇಕಾದರೂ ನಕಲು ಪಡೆಯಬಹುದು. ಉಳಿದವನ್ನು ಟ್ರಸ್ಟಿಗಳಿಂದಲೇ ಕೇಳಬೇಕು. ಅವರು ಕೊಡಲು ಹಿಂಜರಿದರೆ ದೇಣಿಗೆಯನ್ನೂ ತಡೆಹಿಡಿಯುವುದು ಲೇಸು.

80ಜಿ ಎಂದೇ ಪರಿಚಿತವಾದ ತೆರಿಗೆ ವಿನಾಯಿತಿಯನ್ನು ತೋರಿಸುವವರು ಬಹಳ. ಅದು ತೆರಿಗೆಗೆ ಸಂಬಂಧಿಸಿದ ಮಾನ್ಯತೆಯೇ ಹೊರತು, ಸಂಸ್ಥೆ ಇಂಥ ಮಠಕ್ಕೆ ಸೇರಿದ್ದೆಂಬ ಪ್ರಮಾಣಪತ್ರವಲ್ಲ. ಮುಜರಾಯಿ ದೇವಸ್ಥಾನದ ಹೆಸರು ಹೇಳಿದರೆ ಅಲ್ಲಿನ ಕಾರ್ಯನಿರ್ವಹಣಾಧಿಕಾರಿ ಅಥವಾ ತಹಶೀಲ್ದಾರ್ ಕಚೇರಿಯಲ್ಲಿ ಅಧಿಕೃತ ಖಾತೆಯ ವಿವರ ವಿಚಾರಿಸಬಹುದು.